ಅವಮೌದರ್ಯವೂ ಮಕ್ಕಳ ತಟ್ಟೆಯೂ

ಬಾಹ್ಯತಪಗಳು ಆರು. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ ಮತ್ತು ಕಾಯಕ್ಲೇಶ ಎಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಇವನ್ನು ಕ್ರಮವಾಗಿ ಹೇಳಿರುವರು. ಇವುಗಳಲ್ಲಿ ಮೊದಲಿನ ನಾಲ್ಕು ಆಹಾರಕ್ಕೆ ಸಂಬಂಧಿಸಿದವು. ಅನಶನವೆಂದರೆ ಉಪವಾಸ, ಅದರ ಮಹಿಮೆಯನ್ನು ನಮ್ಮ ಮನೆಗಳಲ್ಲಿ ಅರಿಯದವರಿಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ, ದಶಲಕ್ಷಣ ಪರ್ವದಲ್ಲಿ, ಅನಂತನ ನೋಂಪಿಯಲ್ಲಿ ಯಾರು ಎಷ್ಟು ಉಪವಾಸ ಮಾಡಿದರೆಂಬುದನ್ನು ಎಲ್ಲರೂ ಆದರದಿಂದ ಕೇಳಿ ತಿಳಿಯುತ್ತಾರೆ. ಆದರೆ ಅದರ ಬೆನ್ನಿಗೇ ಬರುವ ಅವಮೌದರ್ಯವನ್ನು ಹೆಸರಿಗೆ ಮಾತ್ರ ಓದಿ ಮುಂದೆ ಸಾಗುವುದು ವಾಡಿಕೆಯಾಗಿಬಿಟ್ಟಿದೆ. ಈ ಪಾಠದಲ್ಲಿ ಆ ಎರಡನೆಯ ತಪವನ್ನು ವಿಚಾರಿಸೋಣ. ವಿಶೇಷವಾಗಿ, ಮನೆಯ ಮಕ್ಕಳಿಗೂ ಅದಕ್ಕೂ ಏನು ಸಂಬಂಧವೆಂಬುದನ್ನು ನೋಡೋಣ.

ಅವಮ ಎಂದರೆ ಕಡಿಮೆಯಾದ. ಉದರ ಎಂದರೆ ಹೊಟ್ಟೆ. ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದೇ ಅವಮೌದರ್ಯ. ಪುರುಷನ ಪೂರ್ಣಾಹಾರ ೩೨ ಕವಳ, ಸ್ತ್ರೀಯ ಪೂರ್ಣಾಹಾರ ೨೮ ಕವಳವೆಂದು ಶಾಸ್ತ್ರದಲ್ಲಿ ಹೇಳಿದೆ. ಇದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡಿದರೂ ಅದು ತಪವೇ. ಮೂಲಾಚಾರದಲ್ಲಿ ಮತ್ತೊಂದು ಲೆಕ್ಕವಿದೆ: ಉದರದ ನಾಲ್ಕು ಭಾಗಗಳಲ್ಲಿ ಎರಡು ಅನ್ನ ವ್ಯಂಜನಗಳಿಗೆ, ಒಂದು ನೀರಿಗೆ, ಉಳಿದೊಂದು ವಾಯುಸಂಚಾರಕ್ಕೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಈ ತಪದ ಪ್ರಯೋಜನಗಳನ್ನು ಹೇಳುವಾಗ ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸ್ವಾಧ್ಯಾಯದ ಸೌಕರ್ಯ ಇವನ್ನು ಎಣಿಸಿದ್ದಾರೆ. ದೇಹವನ್ನು ದಂಡಿಸುವುದು ಇಲ್ಲಿಯ ಗುರಿಯಲ್ಲವೆಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು.

ಒಂದು ಮನೆಯ ಪ್ರಶ್ನೆ

ಕಳೆದ ಹಲಸಿನ ಕಾಲದಲ್ಲಿ ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆಯಲ್ಲಿ ಬಂಧುಗಳ ಮನೆಯಲ್ಲಿದ್ದೆನು. ತೂಬಗೆರೆಯ ಹಲಸು ಹೆಸರಾದದ್ದು. ಅಲ್ಲಿಯ ಬೆಳೆಗಾರರು ಸಂಘ ಕಟ್ಟಿಕೊಂಡು ಮಾರುವಷ್ಟು ಹಣ್ಣು ಆ ಸೀಮೆಯಲ್ಲಿ ಬೆಳೆಯುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಮನೆಯ ಅಜ್ಜಿ ಕೆಂಪು ತೊಳೆಗಳನ್ನು ಬಿಡಿಸಿ ಬಿಡಿಸಿ ಒಂಬತ್ತು ವರ್ಷದ ಮೊಮ್ಮಗನ ಮುಂದೆ ಇಡುತ್ತಿದ್ದರು. ಅವನು ಬೇಡವೆಂದರೂ, "ಇನ್ನೆರಡು ತಿನ್ನಪ್ಪ, ಬೆಳೆಯೋ ಮಗು" ಎಂದು ಮತ್ತೆ ನಾಲ್ಕನ್ನು ಹಾಕಿದರು. ಹಿಂದಿನ ವಾರವಷ್ಟೇ ಶಾಲೆಯ ಆರೋಗ್ಯ ತಪಾಸಣೆಯಲ್ಲಿ ಹುಡುಗನ ತೂಕ ವಯಸ್ಸಿಗೂ ಎತ್ತರಕ್ಕೂ ಮೀರಿದೆಯೆಂದು ಚೀಟಿ ಬರೆದು ಕಳುಹಿಸಿದ್ದರಂತೆ. ಆ ಮಾತು ಬಂದಾಗ ಅಜ್ಜಿ ನನ್ನನ್ನು ಕೇಳಿದರು: "ಮೇಷ್ಟ್ರೇ, ನಾಳೆ ಚತುರ್ದಶಿ. ಮಗುವಿನ ಕೈಲಿ ಉಪವಾಸ ಮಾಡಿಸಿಬಿಟ್ಟರೆ ಪುಣ್ಯವೂ ಬಂತು, ಮೈಯೂ ಇಳಿಯಿತು. ಆಗಬಾರದೇ?"

ಕೇಳಿದ್ದು ಮುಗ್ಧ ಪ್ರಶ್ನೆ. ಇದೇ ಪ್ರಶ್ನೆ ಇಂದು ಅನೇಕ ಶ್ರಾವಕಗೃಹಗಳಲ್ಲಿ ಎದ್ದಿರಬಹುದು. ಒಂದು ಕೈಯಿಂದ ಅತಿಯಾಗಿ ಬಡಿಸಿ, ಇನ್ನೊಂದು ಕೈಯಿಂದ ಉಪವಾಸ ಹಿಡಿಸುವುದು ಧರ್ಮವೇ? ನಾನು ಆಗ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಎರಡು ಅತಿಚಾರಗಳು

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ತನ್ನ ಅಧೀನದಲ್ಲಿರುವ ಜೀವಿಯ ಮೇಲೆ ಹೊರಲಾರದ ಭಾರ ಹೇರುವುದು ನಾಲ್ಕನೆಯದು. ಅದರ ಅನ್ನನೀರನ್ನು ತಡೆಯುವುದು ಐದನೆಯದು. ವ್ಯಾಖ್ಯಾನಗಳಲ್ಲಿ ಇವನ್ನು ಹೆಚ್ಚಾಗಿ ಎತ್ತು, ಕುದುರೆ ಮೊದಲಾದ ಪಶುಗಳನ್ನು ಉದ್ದೇಶಿಸಿ ವಿವರಿಸುವುದುಂಟು. ಆದರೂ ನಮ್ಮ ಅಧೀನದಲ್ಲಿರುವ ಜೀವಿಗಳಲ್ಲಿ ನಮ್ಮ ಮಕ್ಕಳಿಗಿಂತ ಹತ್ತಿರದವರು ಯಾರು? ಮಗುವಿನ ಎಳೆಯ ಮೂಳೆಗಳ ಮೇಲೆ ಬೇಡದ ಕೊಬ್ಬಿನ ಹೊರೆ ಏರುವಂತೆ ಉಣಿಸುವುದು ಒಂದು ಬಗೆಯ ಅತಿಭಾರಾರೋಪಣವೆಂದು ಭಾವಿಸಿದರೆ ತಪ್ಪಾಗಲಾರದು. ಮೈ ಇಳಿಯಲೆಂದು ಅದೇ ಮಗುವಿನ ಊಟವನ್ನು ಬಲವಂತವಾಗಿ ತಡೆಯುವುದು ಅನ್ನಪಾನನಿರೋಧವಲ್ಲದೆ ಬೇರೇನು? ಈ ಎರಡು ಅತಿಚಾರಗಳ ನಡುವೆ ಇರುವ ದಾರಿಯೇ ಪರಿಮಾಣ.

ಇನ್ನು ತಪದ ವಿಷಯ. ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶಭಾವನೆಗಳಲ್ಲಿ ತ್ಯಾಗ ಮತ್ತು ತಪಗಳನ್ನು ಹೇಳುವಾಗ ಸೂತ್ರಕಾರರು ‘ಶಕ್ತಿಯಿದ್ದಷ್ಟು’ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಶಕ್ತಿಯನ್ನು ಬಚ್ಚಿಡಲೂಬಾರದು, ಮೀರಲೂಬಾರದು. ಎಂಟು ವರ್ಷ ತುಂಬಿದ ಮೇಲೆಯೇ ಸಂಯಮಧಾರಣೆಯ ಯೋಗ್ಯತೆ ಬರುವುದೆಂಬುದು ಆಗಮದ ಮಾತು. ಆದರೆ ಯೋಗ್ಯತೆ ಬಂದುದರಿಂದ ಬಲವಂತಕ್ಕೆ ಅಧಿಕಾರ ಬಂದಂತಾಗದು. ಬೆಳೆಯುವ ದೇಹದ ಶಕ್ತಿ ಬೆಳವಣಿಗೆಗೇ ವ್ಯಯವಾಗುತ್ತಿರುತ್ತದೆ. ಹಸಿದ ಮಗು ಮರುದಿನ ಎರಡರಷ್ಟು ಉಣ್ಣುತ್ತದೆ. ಉಪವಾಸವನ್ನು ಶಿಕ್ಷೆಯೆಂದು ತಿಳಿಯುತ್ತದೆ. ದೊಡ್ಡವನಾದ ಮೇಲೆ ಅವನಿಗೆ ವ್ರತದಲ್ಲಿ ಪ್ರೀತಿ ಹುಟ್ಟುವುದಾದರೂ ಹೇಗೆ? ಆದುದರಿಂದ ಆ ಅಜ್ಜಿಗೆ ನಾನು ಹೇಳಿದ್ದು ಇಷ್ಟೆ: ತೂಕ ಇಳಿಸುವ ಉಪಾಯವಾಗಿ ಮಗುವಿಗೆ ಉಪವಾಸ ಬೇಡ. ಮೊದಲು ಬಡಿಸುವ ನಮ್ಮ ಕೈಗೆ ಅವಮೌದರ್ಯ ಬರಲಿ.

ಇಂದಿನ ಸ್ಥಿತಿ

ಮಕ್ಕಳ ಸ್ಥೂಲತೆ ಸಿರಿವಂತರ ನಾಡುಗಳ ಮಾತೆಂದು ನಾವು ಬಹುಕಾಲ ತಿಳಿದಿದ್ದೆವು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ೨೦೧೫–೧೬ರಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ ೨.೧ ಮಂದಿ ಅತಿತೂಕದವರೆಂದು ಕಂಡಿತ್ತು; ೨೦೧೯–೨೧ರ ಸಮೀಕ್ಷೆಯಲ್ಲಿ ಅದು ಶೇಕಡಾ ೩.೪ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ಶೇಕಡಾ ೩೨.೧ ಮಕ್ಕಳು ವಯಸ್ಸಿಗೆ ತಕ್ಕ ತೂಕವಿಲ್ಲದವರು ಎಂಬುದನ್ನೂ ಮರೆಯಬಾರದು. ಒಂದೇ ನಾಡಿನಲ್ಲಿ ಕೊರತೆಯೂ ಅತಿಯೂ ಒಟ್ಟಿಗೆ ಇವೆ. ಲೋಕದಲ್ಲಿ ೫ರಿಂದ ೧೯ ವರ್ಷದೊಳಗಿನ ೩೯ ಕೋಟಿ ಮಕ್ಕಳು ೨೦೨೨ರಲ್ಲಿ ಅತಿತೂಕದವರಾಗಿದ್ದರು. ಅವರಲ್ಲಿ ೧೬ ಕೋಟಿ ಮಂದಿ ಸ್ಥೂಲಕಾಯರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಮಗು ದುಂಡಗಿದ್ದರೆ ಆರೋಗ್ಯ ಎಂಬ ಭಾವನೆ ಬರಗಾಲಗಳನ್ನು ಕಂಡ ಹಿರಿಯರಿಗೆ ಸಹಜವಾದುದು. ಆದರೆ ಬಾಲ್ಯದ ಸ್ಥೂಲತೆ ಅನೇಕರಲ್ಲಿ ಪ್ರಾಯಕ್ಕೂ ಮುಂದುವರಿಯುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಯಕೃತ್ತಿನಲ್ಲಿ ಕೊಬ್ಬು ಸೇರುವುದು ಇವು ಈಗ ಹರೆಯದ ಮಕ್ಕಳಲ್ಲಿಯೂ ಕಾಣಿಸಿಕೊಳ್ಳುತ್ತಿವೆ. ಕಣ್ಣಳತೆಯಿಂದ ಮಾತ್ರ ತೀರ್ಮಾನಿಸುವುದು ಸರಿಯಲ್ಲ. ತೂಕವನ್ನೂ ಎತ್ತರವನ್ನೂ ಅಳೆದು, ವಯಸ್ಸು ಮತ್ತು ಲಿಂಗಕ್ಕೆ ಅನುಗುಣವಾದ ಬೆಳವಣಿಗೆಯ ಪಟ್ಟಿಯಲ್ಲಿ ಗುರುತಿಸಿ ವೈದ್ಯರು ಹೇಳಬೇಕು. ಕುತ್ತಿಗೆಯ ಹಿಂಭಾಗ ಕಪ್ಪಾಗಿ ಒರಟಾಗುವುದು, ನಿದ್ರೆಯಲ್ಲಿ ಗೊರಕೆ, ಸ್ವಲ್ಪ ನಡೆದರೆ ಏದುಸಿರು, ಮಂಡಿನೋವು ಇವು ಕಂಡರೆ ತಡಮಾಡದೆ ಮಕ್ಕಳ ವೈದ್ಯರನ್ನು ನೋಡತಕ್ಕದ್ದು. ಬೆಳೆಯುವ ಮಗುವಿನ ತೂಕವನ್ನು ಇಳಿಸಲೇಬೇಕಾದ ಪ್ರಮೇಯ ಎಲ್ಲರಿಗೂ ಬರುವುದಿಲ್ಲ. ತೂಕ ನಿಂತಲ್ಲಿ ನಿಂತು ಎತ್ತರ ಬೆಳೆದರೆ ಅನೇಕ ಮಕ್ಕಳಲ್ಲಿ ತಾನಾಗಿಯೇ ಸರಿಹೋಗುತ್ತದೆ.

ಬಡಿಸುವ ಕೈ

ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ನಿಯಮವಿದೆ: ತಟ್ಟೆಯಲ್ಲಿ ಎಂಜಲು ಬಿಡಬಾರದು. ಎಂಜಲಿನಲ್ಲಿ ಸಮ್ಮೂರ್ಛನ ಜೀವಗಳು ಹುಟ್ಟುವುವೆಂಬ ಭಯದಿಂದ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವವರಿದ್ದಾರೆ. ಈ ನಿಯಮ ಜೀವದಯೆಯಿಂದ ಹುಟ್ಟಿದ್ದು, ಅದನ್ನು ಬಿಡಬೇಕಾಗಿಲ್ಲ. ಆದರೆ ಇಲ್ಲೊಂದು ತೊಡಕಿದೆ. ತಟ್ಟೆಗೆ ಎಷ್ಟು ಹಾಕಬೇಕೆಂದು ನಿರ್ಣಯಿಸುವವರು ಹಿರಿಯರು. ಅದನ್ನು ಮುಗಿಸಬೇಕಾದವನು ಬಾಲಕ. ಮೂರು ಸೌಟು ಹಾಕಿ, "ಬಿಟ್ಟರೆ ಪಾಪ" ಎಂದು ಹೇಳಿದರೆ, ಹೊಟ್ಟೆ ಸಾಕೆಂದರೂ ಮಗು ಭಯದಿಂದ ಉಣ್ಣುತ್ತದೆ. ಕಾಲಕ್ರಮದಲ್ಲಿ ‘ಸಾಕು’ ಎಂಬ ಒಳಗಿನ ಮಾತನ್ನು ಕೇಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ದೋಷವಿರುವುದು ಸೌಟಿನಲ್ಲಿ, ಪ್ರಾಯಶ್ಚಿತ್ತ ಮಾತ್ರ ಮಗುವಿನ ಹೊಟ್ಟೆಗೆ.

ಪರಿಹಾರ ಸುಲಭವಾದುದು. ಮೊದಲ ಸಲ ಕಡಿಮೆ ಬಡಿಸಬೇಕು. ಕೇಳಿದರೆ ಎರಡನೆಯ ಸಲ ಬಡಿಸಬೇಕು. ಕೇಳದಿದ್ದರೆ ಸುಮ್ಮನಿರಬೇಕು. ಹೊಟ್ಟೆ ತುಂಬಿದ ಅರಿವು ಮನಸ್ಸಿಗೆ ಮುಟ್ಟಲು ಸುಮಾರು ೨೦ ನಿಮಿಷ ಬೇಕೆನ್ನುತ್ತಾರೆ. ಆದುದರಿಂದ ನಿಧಾನವಾಗಿ ಅಗಿದು ಉಣ್ಣುವ ಅಭ್ಯಾಸ ಮಾಡಿಸಬೇಕು. ಏನು ಬಡಿಸಬೇಕು, ಯಾವ ಹೊತ್ತಿಗೆ ಬಡಿಸಬೇಕು ಎಂಬುದು ಹಿರಿಯರ ಅಧಿಕಾರ. ಎಷ್ಟು ಉಣ್ಣಬೇಕೆಂಬುದು ಮಗುವಿನ ಹಸಿವಿನ ಅಧಿಕಾರ.

ಮುನಿಗಳ ಆಹಾರದ ಸಮಯವನ್ನು ನೆನೆಯಿರಿ. ದಿಗಂಬರ ಮುನಿಗಳು ದಿನಕ್ಕೊಮ್ಮೆ ನಿಂತು ಪಾಣಿಪಾತ್ರದಲ್ಲಿ ಆಹಾರ ಸ್ವೀಕರಿಸುತ್ತಾರೆ. ದಾತೃವು ಒಂದೊಂದೇ ತುತ್ತನ್ನು ಶೋಧಿಸಿ ಕೊಡುತ್ತಾನೆ. ಮುನಿಗಳು ಅಂಜಲಿಯನ್ನು ಬಿಟ್ಟರೆಂದರೆ ಅಲ್ಲಿಗೆ ಮುಗಿಯಿತು. ಇನ್ನೊಂದು ತುತ್ತು ತೆಗೆದುಕೊಳ್ಳಿರೆಂದು ಯಾವ ಶ್ರಾವಕನೂ ಬಲವಂತ ಮಾಡನು. ಪಾತ್ರದಾನದಲ್ಲಿ ನಮಗಿರುವ ಈ ವಿವೇಕ, ಮಗು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಾಗ ಏಕೆ ಮಾಯವಾಗಬೇಕು?

ಎಷ್ಟು ಉಣಿಸಬೇಕು?

ಶಾಸ್ತ್ರದ ೩೨ ಕವಳ ವಯಸ್ಕರ ಲೆಕ್ಕ. ಮಕ್ಕಳಿಗೆ ಅವರ ಕೈಯೇ ಅಳತೆ. ಮಗುವಿನ ಮುಷ್ಟಿಯಷ್ಟು ಅನ್ನ ಅಥವಾ ಮುದ್ದೆಯಿಂದ ಆರಂಭಿಸಿ, ಬೇಕಾದರೆ ಮತ್ತೆ ಬಡಿಸಬಹುದು. ತೂಬಗೆರೆಯ ಸೀಮೆ ರಾಗಿಯ ಸೀಮೆ. ಹಿರಿಯರ ಮುದ್ದೆ ಬೇರೆ, ಮಕ್ಕಳ ಮುದ್ದೆ ಬೇರೆ ಎಂದು ಕಟ್ಟುವ ಗೃಹಿಣಿಯರ ಪದ್ಧತಿಯೇ ಒಂದು ಪರಿಮಾಣಶಾಸ್ತ್ರ. ನೂರು ಗ್ರಾಂ ರಾಗಿಯಲ್ಲಿ ೩೦೦ ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣಾಂಶವಿದೆ; ನಾರೂ ಸಮೃದ್ಧವಾಗಿದೆ. ಬಿಸ್ಕತ್ತು, ಬ್ರೆಡ್ಡುಗಳು ಬಂದ ಮೇಲೆ ಮುದ್ದೆಯನ್ನು ಮಕ್ಕಳ ತಟ್ಟೆಯಿಂದ ದೂರಮಾಡಿದ್ದು ನಮ್ಮ ಅವಿವೇಕ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ತಟ್ಟೆಯ ಅರ್ಧಭಾಗ ತರಕಾರಿ ಹಣ್ಣುಗಳಿಂದ ಕೂಡಿರಬೇಕೆಂದು ಹೇಳಿದೆ. ಉಳಿದರ್ಧದಲ್ಲಿ ಧಾನ್ಯ, ಬೇಳೆಕಾಳು ಮತ್ತಿತರ ಪದಾರ್ಥಗಳು. ಕಂದಮೂಲಗಳನ್ನು ತ್ಯಜಿಸಿದ ಮನೆಗಳಲ್ಲಿ ಇದು ಕಷ್ಟವೇನೂ ಅಲ್ಲ. ಹೀರೆ, ಸೋರೆ, ಪಡವಲ, ಬೆಂಡೆ, ತೊಂಡೆ, ಕುಂಬಳ ಇವು ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವರಿಗೂ ಒದಗುತ್ತವೆ. ಹೆಸರುಕಾಳು, ತೊಗರಿ, ಅವರೆ, ಹುರುಳಿಗಳ ಸಾರು ಮತ್ತು ಹಾಲು ಮೊಸರುಗಳು ಬೆಳವಣಿಗೆಗೆ ಬೇಕಾದ ಸಾರವನ್ನು ಕೊಡುತ್ತವೆ.

ಎಣ್ಣೆ ತುಪ್ಪಗಳ ಒಂದು ಗ್ರಾಮಿನಿಂದ ೯ ಕಿಲೋಕ್ಯಾಲರಿ ಶಕ್ತಿ. ಹಿಟ್ಟು, ಸಕ್ಕರೆ, ಬೇಳೆಗಳ ಸಾರಾಂಶದ ಒಂದು ಗ್ರಾಮಿನಿಂದ ೪ ಮಾತ್ರ. ಆದುದರಿಂದ ಕರಿದ ತಿಂಡಿ ಕಣ್ಣಿಗೆ ಸ್ವಲ್ಪವೆನಿಸಿದರೂ ದೇಹಕ್ಕೆ ಬಹಳ. ಹಲಸನ್ನೇ ತೆಗೆದುಕೊಳ್ಳಿ: ನೂರು ಗ್ರಾಂ ಮಾಗಿದ ತೊಳೆಯಲ್ಲಿ ಸುಮಾರು ೯೫ ಕಿಲೋಕ್ಯಾಲರಿ ಇದೆ. ಹಣ್ಣು ಉತ್ತಮ ಆಹಾರವೇ; ನಾಲ್ಕೈದು ತೊಳೆ ತಿಂದರೆ ಯಾವ ತೊಂದರೆಯೂ ಇಲ್ಲ. ತುಂಬಿದ ಊಟದ ಮೇಲೆ ಎಣಿಕೆಯಿಲ್ಲದೆ ತಿಂದರೆ ಮಾತ್ರ ಅದು ಇನ್ನೊಂದು ಊಟವಾಗುತ್ತದೆ. ಎಣ್ಣೆಯಲ್ಲಿ ಕರಿದ ಹಲಸಿನ ಚಿಪ್ಸ್ ಆದರಂತೂ ಹೇಳಬೇಕಾಗಿಲ್ಲ. ಕವಳಗಳನ್ನು ಎಣಿಸಿದ ಪರಂಪರೆ ನಮ್ಮದು. ತೊಳೆಗಳನ್ನು ಎಣಿಸಿ ಕೊಡುವುದರಲ್ಲಿ ಜಿಪುಣತನವೇನಿದೆ?

ಸಕ್ಕರೆಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಹೊರಗಿನಿಂದ ಬೆರೆಸಿದ ಸಿಹಿಯಿಂದ ಬರುವ ಶಕ್ತಿ ದಿನದ ಒಟ್ಟಿನಲ್ಲಿ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಿರಬೇಕು, ಅದರ ಅರ್ಧಕ್ಕೆ ಇಳಿದರೆ ಇನ್ನೂ ಉತ್ತಮವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ತಿಳಿಸಿತು. ದಿನಕ್ಕೆ ೧೫೦೦ ಕಿಲೋಕ್ಯಾಲರಿ ಬೇಕಾದ ಮಗುವಿಗೆ ಆ ಮೇಲಿನ ಮಿತಿ ೩೭ ಗ್ರಾಂ ಆಗುತ್ತದೆ. ೩೦೦ ಮಿಲಿಲೀಟರಿನ ಒಂದು ಸೀಸೆ ಕೋಲಾ ಪಾನೀಯದಲ್ಲಿಯೇ ಸುಮಾರು ೩೦ ಗ್ರಾಂ ಸಕ್ಕರೆ ಇರುತ್ತದೆ. ಬೆಲ್ಲವಾದರೆ ದೋಷವಿಲ್ಲವೆಂದು ಭ್ರಮಿಸಬಾರದು. ಈ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಎರಡು ವರ್ಷದೊಳಗಿನ ಕೂಸಿಗೆ ಸಕ್ಕರೆ ಬೆಲ್ಲಗಳನ್ನು ಬೆರೆಸದಿರುವುದೇ ಮೇಲು. ಆ ವಯಸ್ಸಿನಲ್ಲಿ ಹಾಲು ತುಪ್ಪಗಳ ಜಿಡ್ಡನ್ನು ಮಾತ್ರ ಕಡಿಮೆ ಮಾಡಬಾರದು.

ಸೂರ್ಯಾಸ್ತದ ಊಟ, ಧಾರಣೆ, ಪಾರಣೆ

ರಾತ್ರಿಭೋಜನತ್ಯಾಗ ನಮಗೆ ಕುಲಕ್ರಮದಿಂದ ಬಂದ ಆಚಾರ. ಬೇಗನೆ ಉಂಡು, ಜೀರ್ಣವಾದ ಮೇಲೆ ಮಲಗುವುದು ಮಕ್ಕಳಿಗೂ ಹಿತವೇ. ಆದರೆ ಶಾಲೆಯ ವಾಹನ ಐದು ಗಂಟೆಗೆ ಬಂದು, ನವೆಂಬರಿನಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಮುಳುಗುವಾಗ, ‘ಮತ್ತೆ ರಾತ್ರಿ ಏನೂ ಸಿಗದು’ ಎಂಬ ಆತುರದಿಂದ ಒಂದು ಗಂಟೆಯೊಳಗೆ ತಿಂಡಿ, ಹಾಲು, ಊಟ, ಸಿಹಿ ಎಲ್ಲವನ್ನೂ ತುರುಕುವ ರೂಢಿ ಕೆಲವೆಡೆ ಇದೆ. ಇದು ಆಚಾರದ ದೋಷವಲ್ಲ, ಹೊಂದಿಸುವ ಕ್ರಮದ ದೋಷ. ಬೆಳಗಿನ ಆಹಾರ ಪುಷ್ಟವಾಗಿರಲಿ. ಶಾಲೆಗೆ ಕಟ್ಟುವ ಬುತ್ತಿಯಲ್ಲಿ ಹಣ್ಣೋ ಕಡಲೆಯೋ ಇನ್ನೊಂದು ಪುಟ್ಟ ಡಬ್ಬಿಯಲ್ಲಿರಲಿ. ಸಂಜೆ ಬಂದೊಡನೆ ತಿಂಡಿಯ ಬದಲು ಊಟವನ್ನೇ ಬಡಿಸಿರಿ. ಮಗು ಹಸಿದು ಮಲಗಬಾರದು, ಬಿಗಿದೂ ಮಲಗಬಾರದು.

ಪ್ರೋಷಧೋಪವಾಸದಲ್ಲಿ ಹಿಂದಿನ ದಿನ ಮತ್ತು ಮರುದಿನ ಏಕಭುಕ್ತವನ್ನು ವಿಧಿಸಿದೆ. ಆದರೆ ಧಾರಣೆಯ ದಿನ ‘ನಾಳೆ ಉಪವಾಸ’ವೆಂದು, ಪಾರಣೆಯ ದಿನ ‘ನಿನ್ನೆ ಉಪವಾಸ’ವೆಂದು ಹೋಳಿಗೆ ಪಾಯಸಗಳು ನಡೆಯುವುದನ್ನು ನಾವು ಕಂಡಿಲ್ಲವೇ? ಉಪವಾಸ ಮಾಡದ ಮಕ್ಕಳು ಈ ಎರಡು ದಿನಗಳ ಭೋಜನದಲ್ಲಿ ಮಾತ್ರ ಪಾಲುಗಾರರಾಗುತ್ತಾರೆ. ಹಿರಿಯರ ವ್ರತದಿಂದ ಅವರು ಕಲಿಯುವುದು ಹಬ್ಬದೂಟವನ್ನು ಮಾತ್ರ. ಭೋಗೋಪಭೋಗ ಪರಿಮಾಣದ ಅತಿಚಾರಗಳಲ್ಲಿ ಸಮಂತಭದ್ರರು ಅತಿಲೌಲ್ಯವನ್ನು ಸೇರಿಸಿರುವುದು ಇಂತಹ ಸಂದರ್ಭಗಳಲ್ಲಿ ಸ್ಮರಣೀಯವಾಗಿದೆ.

ಹಸಿರು ಗುರುತಿನ ಪೊಟ್ಟಣ

ಅಂಗಡಿಯ ಪೊಟ್ಟಣದ ಮೇಲೆ ಹಸಿರು ಗುರುತಿದ್ದರೆ, ಅದರ ಜೊತೆಗೆ ‘ಜೈನ್’ ಎಂಬ ಮಾತೂ ಇದ್ದರೆ, ನಾವು ನಿಶ್ಚಿಂತರಾಗಿ ಮಕ್ಕಳ ಕೈಗೆ ಕೊಡುತ್ತೇವೆ. ಆ ಗುರುತು ಒಳಗೆ ಏನಿಲ್ಲವೆಂಬುದನ್ನು ಹೇಳುತ್ತದೆ. ಎಷ್ಟು ಎಣ್ಣೆ, ಎಷ್ಟು ಸಕ್ಕರೆ, ಎಷ್ಟು ಉಪ್ಪು ಇದೆಯೆಂಬುದನ್ನು ಹೇಳದು. ಅದಕ್ಕೆ ಪೊಟ್ಟಣದ ಹಿಂಭಾಗವನ್ನು ಓದಬೇಕು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಮೂರರಲ್ಲಿ ಸಕ್ಕರೆಯೋ ಎಣ್ಣೆಯೋ ಇದ್ದರೆ ಅದು ನಿತ್ಯದ ತಿಂಡಿಯಲ್ಲ. ಭಕ್ಷ್ಯಾಭಕ್ಷ್ಯ ವಿವೇಕಕ್ಕೆ ಪರಿಮಾಣ ವಿವೇಕವೂ ಸೇರಿದಾಗಲೇ ಆಹಾರಶುದ್ಧಿ ಪೂರ್ಣವಾಗುವುದು.

ಒಂದು ಪಕ್ಷದ ನಿಯಮ

ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ, ಜೀವನಪರ್ಯಂತದ್ದನ್ನು ಯಮವೆಂದೂ ರತ್ನಕರಂಡಕ ಶ್ರಾವಕಾಚಾರ ಹೇಳುತ್ತದೆ. ವಾಚಕರು ಮುಂದಿನ ಹದಿನೈದು ದಿನಗಳ ಮಟ್ಟಿಗೆ ಕೆಳಗಿನ ನಿಯಮಗಳನ್ನು ಮನೆಮಂದಿಯೆಲ್ಲ ಕೂಡಿ ಪಾಲಿಸಿ ನೋಡಬಹುದು.

೧. ಮೊದಲ ಬಡಿಸುವಿಕೆ ಕಡಿಮೆ. ಎರಡನೆಯದು ಕೇಳಿದರೆ ಮಾತ್ರ.

೨. ಹಿರಿಯರು ತಮ್ಮ ಪ್ರತಿ ಊಟದಲ್ಲಿ ಎರಡು ತುತ್ತು ಕಡಿಮೆ ಮಾಡಬೇಕು. ಮಕ್ಕಳಿಗೆ ಇದನ್ನು ವಿಧಿಸಬಾರದು. ಅವರು ನೋಡಿ ಕಲಿಯಲಿ.

೩. ರಸಪರಿತ್ಯಾಗದ ಅಂಗವಾಗಿ ವಾರದಲ್ಲಿ ಒಂದು ದಿನ ಸಕ್ಕರೆ ಬೆಲ್ಲ, ಇನ್ನೊಂದು ದಿನ ಕರಿದ ಪದಾರ್ಥ ಇಡೀ ಮನೆಗೆ ವರ್ಜ್ಯ. ಮಕ್ಕಳಿಗೆ ಹಾಲು ಮೊಸರುಗಳನ್ನು ಬಿಡಿಸಬಾರದು.

೪. ಊಟದ ಹೊತ್ತಿನಲ್ಲಿ ದೂರದರ್ಶನ ಮತ್ತು ಮೊಬೈಲ್ ಬೇಡ. ಣಮೋಕಾರ ಮಂತ್ರ ಹೇಳಿ ಆರಂಭಿಸಿ, ಉಣ್ಣುವುದರಲ್ಲಿಯೇ ಮನಸ್ಸಿಡಬೇಕು.

೫. ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಓಡಿ ಆಡಬೇಕು. ಹೊತ್ತಿಗೆ ಸರಿಯಾಗಿ ಮಲಗಬೇಕು.

೬. ಮಗುವಿನ ಮೈಯನ್ನು ಕುರಿತು ಹಾಸ್ಯದ ಹೆಸರು ಕರೆಯಬಾರದು. ಅದು ವಚನದಿಂದಾಗುವ ಹಿಂಸೆ.

ಚಿಕಿತ್ಸೆಯಲ್ಲಿರುವ ಮಕ್ಕಳ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ. ಬೆಳೆದು ವಿವೇಕ ಬಂದ ಮೇಲೆ ಬಾಲಕನು ತಾನಾಗಿಯೇ ವ್ರತ ಬೇಡಿದರೆ ಗುರುಗಳ ಸಮ್ಮುಖದಲ್ಲಿ, ಶಕ್ತಿಯನ್ನು ನೋಡಿ, ಚಿಕ್ಕದರಿಂದ ಆರಂಭಿಸಬೇಕು.

ತೂಬಗೆರೆಯ ಅಜ್ಜಿ ನನ್ನ ಮಾತನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಮೌನವಾಗಿದ್ದರು. ಆಮೇಲೆ, "ಹಾಗಾದರೆ ನಾಳೆಯ ವ್ರತ ನನ್ನದೇ ಅನ್ನಿ" ಎಂದರು. ಮರುದಿನ ಊಟದಲ್ಲಿ ಮೊಮ್ಮಗನಿಗೆ ಚಿಕ್ಕ ಮುದ್ದೆ ಇಟ್ಟು, ಸಾರು ಬಿಟ್ಟು, ಸೌಟನ್ನು ಪಾತ್ರೆಯೊಳಗಿಟ್ಟು ಕುಳಿತರು. ಹುಡುಗ ಇನ್ನರ್ಧ ಮುದ್ದೆ ಕೇಳಿ ಉಂಡನು. ಬಳಿಕ ಸಾಕೆಂದು ಎದ್ದನು. ಅಜ್ಜಿಯ ಕೈ ಒಮ್ಮೆ ಸೌಟಿನ ಕಡೆ ಹೋಗಿ ಹಿಂದಕ್ಕೆ ಬಂದಿತು. ಆ ಕೈಯನ್ನು ಹಿಂದಕ್ಕೆ ತಂದುದೇ ಅವಮೌದರ್ಯ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

೧. ಅವಮೌದರ್ಯಕ್ಕೂ ಅನಶನಕ್ಕೂ ಇರುವ ಭೇದವೇನು?

೨. ಅಹಿಂಸಾಣುವ್ರತದ ಕೊನೆಯ ಎರಡು ಅತಿಚಾರಗಳು ಮಕ್ಕಳ ಊಟದಲ್ಲಿ ಹೇಗೆ ಸಂಭವಿಸಬಹುದು?

೩. ಎಂಜಲು ಬಿಡಬಾರದೆಂಬ ನಿಯಮವನ್ನು ಮಗುವಿಗೆ ಹೊರೆಯಾಗದಂತೆ ಪಾಲಿಸುವುದು ಹೇಗೆ?

೪. ನಿಮ್ಮ ಮನೆಯಲ್ಲಿ ಕಳೆದ ಪಾರಣೆಯ ದಿನ ಬಡಿಸಿದ ಸಿಹಿ ಪದಾರ್ಥಗಳೆಷ್ಟು? ಅವುಗಳಲ್ಲಿ ಎಷ್ಟನ್ನು ಬಿಡಬಹುದಾಗಿತ್ತು?